ಒಂದು ಕಳೆಯಿರಿ

ನಾನು ಮಾತಿನವನಲ್ಲ. ಈ ಡುಲೂತಿನಲ್ಲಿ
ಮೂವತ್ತೊಂದು ಚಳಿಗಾಲ ಹಿಮ ಗುಡಿಸುವ ಲಾರಿ ಓಡಿಸಿದವನು.
ನನಗೆ ಗೊತ್ತಿರುವುದು ಉಪ್ಪು, ಮರಳು,
ನಸುಕಿನ ನಾಲ್ಕಕ್ಕೆ ಯಾವ ಇಳಿಜಾರು ಮೋಸ ಮಾಡುತ್ತದೆ ಎಂಬುದು.
ಆದರೂ ಚರ್ಚಿನ ಈ ನೆಲಮಾಳಿಗೆಯಲ್ಲಿ
ಕಾಫಿ ಆರುವ ಮುಂಚೆ ಎರಡು ಮಾತಾಡು ಅಂದರು,
ಐಲಿ ಕೊಸ್ಕೆಲಾ ಅವರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ:
ನನಗೆ ಈಕೆಯನ್ನು ಕಂಡರೆ ಆಗುತ್ತಿರಲಿಲ್ಲ.

ಆಗ ನನಗೆ ಎಂಟು. ತಂಗಿ ಮಾರ್ಲಿಸ್‌ಗೆ ನಾಲ್ಕು.
ಸರೋವರ ಕಲ್ಲಾಗಿದ್ದ ಜನವರಿ.
ಬಂದರು. ಬೂಟು ಹೊಸಿಲಲ್ಲೇ ಬಿಚ್ಚಿಟ್ಟರು,
ಒಂದು ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.
ಅಮ್ಮನ ಕೈ ಕುಲುಕಿದರು. ಆಮೇಲೆ
ಸೀದಾ ಹೋಗಿ ಫ್ರಿಜ್ ತೆರೆದರು.

ಒಳಗೆ ದೀಪವಿತ್ತು.
ಒಂದು ಸಾಸಿವೆ ಬಾಟಲಿ ಇತ್ತು.
ಒಬ್ಬರ ಮನೆಯ ಇಲ್ಲದಿರುವಿಕೆಯ ಮೇಲೆ
ಅಷ್ಟೊಂದು ಬೆಳಕು ಬೀಳಬಾರದು
ಎಂದು ಅನ್ನಿಸಿತ್ತು ನನಗೆ, ಈ ಮಾತುಗಳಲ್ಲಲ್ಲ,
ಕಿವಿ ಬಿಸಿಯಾದ ರೀತಿಯಲ್ಲಿ.
ಅಮ್ಮ ಗೋಡೆ ನೋಡುತ್ತಿದ್ದಳು.
ಅದಿರಿನ ಹಡಗು ಹತ್ತಿಹೋದ ಅಪ್ಪ
ಹಡಗು ಮರಳಿದರೂ ಮರಳಿರಲಿಲ್ಲ.

ಜೊತೆಗೆ ಬಂದ ಹುಡುಗ ನಮ್ಮ ಬಟ್ಟೆಗಳನ್ನು
ಕಸದ ಕಪ್ಪು ಚೀಲಕ್ಕೆ ತುರುಕುತ್ತಿದ್ದ.
‘ಇದರಲ್ಲಲ್ಲ’ ಅಂದರು ಐಲಿ.
ಹೊರಗೆ ಹೋಗಿ ಕಾರಿನ ಸೀಟಿನ ಮೇಲೆ
ತಮ್ಮ ಸೂಟ್‌ಕೇಸನ್ನು ಬೋರಲು ಹಾಕಿದರು:
ಉಣ್ಣೆಯ ಉಂಡೆ, ಕಡತ, ಒಂದು ರಾತ್ರಿಯಂಗಿ, ಬಾಚಣಿಗೆ.
ಖಾಲಿ ಸೂಟ್‌ಕೇಸ್ ತಂದು ಮಡಚಿ ಮಡಚಿ ತುಂಬಿದರು,
ನನ್ನ ಹರಿದ ಬನಿಯನ್ನೂ,
ಅದೇನೋ ನಾಳೆ ಇಸ್ತ್ರಿಗೆ ಕೊಡುವಂಥದ್ದು ಎನ್ನುವ ಹಾಗೆ.
ಆವತ್ತು ಅದಕ್ಕೂ ಸಿಟ್ಟು ಬಂತು ನನಗೆ.

ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಮಲಗಕೂಡದು,
ನಿಯಮ. ಆದ್ದರಿಂದ ಎರಡು ಊರು, ಎರಡು ಮನೆ.
ಏಳು ಶುಕ್ರವಾರ ಕೋರ್ಟಿಗೆ ಅಲೆದರು.
ಎಂಟನೆಯದಕ್ಕೆ ಹೋಗಲಿಲ್ಲ; ಅಳತೆಪಟ್ಟಿ ತಗೊಂಡು
ನಮ್ಮನ್ನು ಇಟ್ಟುಕೊಳ್ಳಲಿದ್ದ ಮುದುಕಿಯ ಮನೆಗೆ ಹೋದರು,
ಕೋಣೆಯ ನಡುವೆ ಹಳದಿ ಹೂವಿನ ಪರದೆ ಇಳಿಬಿಟ್ಟು
‘ಈಗ ಎರಡಾಯಿತು, ಬರೆದುಕೊಳ್ಳಿ’ ಎಂದರಂತೆ.
ಆ ಪರದೆಯ ಅಡಿಯಿಂದ ಮಾರ್ಲಿಸ್
ರಾತ್ರಿಯಿಡೀ ತನ್ನ ಕಾಲು ಚಾಚಿಡುತ್ತಿದ್ದಳು,
ನಾನು ಹಿಡಿದುಕೊಳ್ಳಲಿ ಎಂದು.

ಅಮ್ಮನಿಗೆ ಬುದ್ಧಿ ಹೇಳಲಿಲ್ಲ ಐಲಿ.
ಗ್ಯಾಸಿನ ಬಾಕಿ ಎಷ್ಟು ಎಂದು ಕೇಳಿದರು.
ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಂತ್ರ ತಿರುಗುವಷ್ಟು ಹೊತ್ತು
ಪಕ್ಕದಲ್ಲಿ ಕೂತರು, ವಾರಕ್ಕೊಮ್ಮೆ, ಹದಿನಾಲ್ಕು ತಿಂಗಳು.
ಏನು ಮಾತಾಡಿದಿರಿ ಎಂದು ಕೊನೆಗಾಲದಲ್ಲಿ ಅಮ್ಮನನ್ನು ಕೇಳಿದೆ.
‘ಏನೂ ಇಲ್ಲ. ಅವಳು ಕಾಲುಚೀಲ ಹೆಣೆಯುತ್ತಿದ್ದಳು.’

ನಾವು ಮನೆಗೆ ಮರಳಿದ ದಿನ
ಐಲಿ ಅಡುಗೆಮನೆಯ ಬಾಗಿಲಲ್ಲೇ ನಿಂತರು.
ಫ್ರಿಜ್ ಮುಟ್ಟಲಿಲ್ಲ. ಕೈ ಹಿಡಿದು ಎಳೆದೊಯ್ದು
ತೆರೆದು ತೋರಿಸಿದವಳು ಮಾರ್ಲಿಸ್:
ಹಾಲು. ಮೊಟ್ಟೆ. ಅರ್ಧ ಮೀನು. ಅದೇ ಸಾಸಿವೆ ಬಾಟಲಿ.

ಈಗಷ್ಟೇ ಮೇಯರ್ ಓದಿದರಲ್ಲ,
ನಲವತ್ತೆರಡು ವರ್ಷ, ನಾಲ್ಕು ಸಾವಿರದ ನೂರಾ ಹನ್ನೆರಡು ಮಕ್ಕಳು.
ಎಲ್ಲರೂ ಚಪ್ಪಾಳೆ ತಟ್ಟಿದೆವು.
ಮುಂದಿನ ಸಾಲಿನಿಂದ ಐಲಿ ಅಂದದ್ದು
ಹಿಂದಿದ್ದವರಿಗೆ ಕೇಳಿಸಿರಲಿಕ್ಕಿಲ್ಲ:
‘ಒಂದು ಕಳೆಯಿರಿ.’

ಆ ಒಂದು ಯಾರೆಂದು ಇಲ್ಲಿನ ಹಳಬರಿಗೆ ಗೊತ್ತು.
ಮನೆಗೆ ಕಳಿಸಬಹುದು ಎಂದು ಸಹಿ ಹಾಕಿದ ಕೈ ಇದೇ.
ನಾನು ಆ ಹೆಸರು ಹೇಳುವುದಿಲ್ಲ.
ಪ್ರತಿ ಮಾರ್ಚಿನಲ್ಲಿ ಬೆಟ್ಟದ ಮೇಲಿನ ಸ್ಮಶಾನದ ರಸ್ತೆಯನ್ನು
ಯಾರೂ ಹೇಳದೆ ನಾನು ಗುಡಿಸುತ್ತಿದ್ದೆ, ಅಷ್ಟೇ.
ಅಲ್ಲಿ ಒಂದು ಹಳೆಯ ನೀಲಿ ಕಾರು ನಿಂತಿರುತ್ತಿತ್ತು.

ಇನ್ನೊಂದಿದೆ. ನಗರಸಭೆಯವರು ಇದ್ದರೆ ಕಿವಿ ಮುಚ್ಚಿಕೊಳ್ಳಿ.
ಪಟ್ಟಿಯಲ್ಲಿ ಈಕೆಯ ಬೀದಿ ಒಂಬತ್ತನೆಯದು.
ಮೂವತ್ತೊಂದು ವರ್ಷ ನಾನು ಮೊದಲು ಅಲ್ಲಿಗೇ ಹೋದೆ.
ಎಷ್ಟೇ ಬೇಗ ಹೋದರೂ
ಅಡುಗೆಮನೆಯ ದೀಪ ಆಗಲೇ ಹೊತ್ತಿರುತ್ತಿತ್ತು,
ಬಾಗಿಲ ಬಳಿ ಬೂಟು, ಪಕ್ಕದಲ್ಲಿ
ಖಾಲಿ ಸೂಟ್‌ಕೇಸ್.